ಮೂರನೆಯ ಕೊಟೇಶನ್

ಈಶಪ್ಪನಿಗೆ ಮೂರು ಬಗೆಯ ಕೈಬರಹ ಬರುತ್ತಿತ್ತು. ಒಂದು ಮೇಷ್ಟ್ರು ಕೊಟ್ಟದ್ದು. ದುಂಡಗೆ, ಒಂದಕ್ಕೊಂದು ತಾಗದ ಅಕ್ಷರ, ಬೇವೂರಿನ ಶಾಲೆಯಲ್ಲಿ ಗೆಣ್ಣಿಗೆ ಏಟು ತಿಂದು ಕಲಿತದ್ದು. ಇನ್ನೆರಡು ನೌಕರಿ ಕೊಟ್ಟದ್ದು. ಯಲಬುರ್ಗಾ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ಅವನು ಕರ ವಸೂಲಿಗೆಂದು ಸೇರಿ, ಮನೆಮನೆ ತಿರುಗಿ ಚಪ್ಪಲಿ ಸವೆಸಿ, ಬೈಸಿಕೊಂಡು, ಕೊನೆಗೆ ಗುಮಾಸ್ತನ ಕುರ್ಚಿಗೆ ಬಂದು ಕೂತಿದ್ದ. ಊರ ಹೆಸರು ಬೇಡ ಬಿಡಿ, ಹೆಸರು ತಿಳಿದು ಯಾರಿಗೇನು ಆಗಬೇಕಾಗಿದೆ? ಮೂವತ್ತೊಂದು ವರ್ಷದ ಸರ್ವಿಸು, ಮೇ ತಿಂಗಳ ಕೊನೆಯ ದಿನ ನಿವೃತ್ತಿ.

ಉಳಿದೆರಡು ಬರಹ ಯಾಕೆ ಬೇಕಾಯಿತು ಎಂದರೆ, ಪಂಚಾಯ್ತಿಗೆ ಸಣ್ಣಪುಟ್ಟದ್ದು ಏನೇ ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ಮುಚ್ಚಿದ ಲಕೋಟೆಯಲ್ಲಿ ದರ ತರಿಸಬೇಕು, ಮೂರನ್ನೂ ಹೋಲಿಸಿ ಕಡಿಮೆ ಹೇಳಿದವನಿಗೆ ಆರ್ಡರು ಕೊಡಬೇಕು. ನಿಯಮ ಇಷ್ಟೇ, ಅಕ್ಷರ ಬಾರದ ಮುದುಕಿಗೂ ತಿಳಿಯುವಂಥದ್ದು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಅವಳು ಮಾಡುವುದೂ ಅದನ್ನೇ ತಾನೆ? ಆದರೆ ಪಂಚಾಯ್ತಿಯಲ್ಲಿ ಮೂರು ಲಕೋಟೆಯೂ ಒಂದೇ ಮೇಜಿನಿಂದ ಹುಟ್ಟುತ್ತಿದ್ದವು. ಮೊದಲನೆಯದು ಗಂಗಾವತಿಯ ಗೌರೀಶನದು. ಪೈಪು, ಪಂಪು, ಬಲ್ಬು, ಬ್ಲೀಚಿಂಗ್ ಪುಡಿ, ಕಸಬರಿಗೆ, ಎಲ್ಲವನ್ನೂ ಪೂರೈಸುವ ಅಂಗಡಿ ಅವನದು, ಮೊದಲು ಅವನ ಅಪ್ಪನದು. ಆರ್ಡರು ಯಾವಾಗಲೂ ಅವನಿಗೇ. ಎರಡನೆಯದು ಗೌರೀಶನ ಷಡ್ಡಕನ ಹೆಸರಿನಲ್ಲಿ, ಈಶಪ್ಪ ಬಲಕ್ಕೆ ವಾಲಿಸಿ ಬರೆದದ್ದು. ಸೋಲಲೆಂದೇ ಬರೆಯುವ ಇಂಥ ಕೊಟೇಶನ್ನಿಗೆ ಡಮ್ಮಿ ಎಂದು ಹೆಸರು. ಮೂರನೆಯ ಲಕೋಟೆಗೆ ಹೆಸರು ಕೊಡುವವರು ಯಾರೂ ಸಿಗಲಿಲ್ಲ. ಆಗ, ಹದಿನೆಂಟು ವರ್ಷದ ಹಿಂದೆ, ಈಶಪ್ಪ ಒಬ್ಬ ಮನುಷ್ಯನನ್ನೇ ಹುಟ್ಟಿಸಿದ.

ಹೆಸರು ಯಂಕೇಶ. ಅಂಗಡಿ, ಯಂಕೇಶ ಎಲೆಕ್ಟ್ರಿಕಲ್ಸ್. ವಿಳಾಸ, ಹಳೆ ಸಂತೆ ಬೀದಿ, ಕನಕಗಿರಿ. ಕನಕಗಿರಿ ಯಾಕೆಂದರೆ ದೂರ, ಯಾರೂ ಹೋಗಿ ನೋಡುವುದಿಲ್ಲ, ಈಶಪ್ಪನೂ ಆ ಬೀದಿಗೆ ಕಾಲಿಟ್ಟವನಲ್ಲ. ಗಂಗಾವತಿಯಲ್ಲಿ ಲೆಟರ್‌ಹೆಡ್ಡು ಅಚ್ಚು ಹಾಕಿಸಿ, ಒಂದು ರಬ್ಬರ್ ಶಿಕ್ಕಾ ಮಾಡಿಸಿಕೊಂಡ. ಅದರ ಅಂಚು ಮೊದಲ ದಿನವೇ ಮೇಜಿನಿಂದ ಬಿದ್ದು ಚಕ್ಕೆ ಎದ್ದಿತು. ಅಕ್ಷರವನ್ನು ಎಡಕ್ಕೆ ವಾಲಿಸಿ ಬರೆದ. ಯಾಕೆ ಎಡಕ್ಕೆ ಎಂದು ಆಫೀಸಿನಲ್ಲಿ ಯಾರೋ ಕೇಳಿದಾಗ, "ಅಂವ ಎಡಚ ಅದಾನ್ರಿ" ಎಂದು ನಗಿಸಿದ.

ಅಲ್ಲಿಂದ ಅದೇ ಒಂದು ಆಟವಾಯಿತು. ಚಹಾದ ಹೊತ್ತಿಗೆ ಯಾರಾದರೂ, "ಈ ಸಲಾನೂ ಯಂಕೇಶ ಸೋತ್ನೇನ್ರಿ?" ಎಂದು ಕೇಳುವುದು, ಈಶಪ್ಪ, "ಸೋತ ಪಾಪ, ಹೊಟ್ಟಿಬ್ಯಾನಿ ಬ್ಯಾರೆ, ಚಾಕ್ಕ ಸಕ್ಕರಿ ಸೈತ ಹಾಕ್ಕೊಳ್ಳಾಂಗಿಲ್ಲ" ಎಂದು ಹೊಸದೊಂದನ್ನು ಸೇರಿಸುವುದು. ಹೀಗೆ ಯಂಕೇಶನಿಗೆ ಹೊಟ್ಟೆನೋವು ಬಂತು, ಮದುವೆಯಾಗದ ತಂಗಿಯೊಬ್ಬಳು ಬಂದಳು, ತಲೆಯ ಮೇಲೆ ಒಂದು ಮಾಸಲು ಟೊಪ್ಪಿಗೆ ಬಂತು. "ಅಂವ ಖರೇ ಮನಶ್ಯಾ, ಅದಕ್ಕ ಸೋಲತಾನ" ಎಂಬುದು ಈಶಪ್ಪನ ಕಾಯಂ ಮಾತು. ಪ್ರತಿ ಕೊಟೇಶನ್ನಿನ ಕೊನೆಗೆ ಯಂಕೇಶನ ಕೈಯಲ್ಲಿ, "ಈ ಸಲವಾದರೂ ದಯವಿಟ್ಟು ನೋಡಿರಿ" ಎಂದು ಬರೆದು, ತಾನೇ ನಕ್ಕು, ತಾನೇ ಶಿಕ್ಕಾ ಒತ್ತುತ್ತಿದ್ದ. ಯಾರು ನೋಡುತ್ತಿದ್ದರು? ಯಾರೂ ನೋಡುತ್ತಿರಲಿಲ್ಲ.

ಈಶಪ್ಪ ಕೆಟ್ಟವನೇ? ಹಾಗೆ ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳಲಾಗದು. ಲಂಚವೆಂದು ಕೈಚಾಚಿದವನಲ್ಲ. ದೀಪಾವಳಿಗೆ ಗೌರೀಶನ ಮನೆಯಿಂದ ಮಿಠಾಯಿ ಡಬ್ಬಿ ಬರುತ್ತಿತ್ತು, ಮಗಳ ಮದುವೆಗೆ ನಾಲ್ಕು ಚೀಲ ಅಕ್ಕಿ ಬಂದಿತ್ತು, ಅಷ್ಟೇ. ವಿಧವೆಯರ ಪಿಂಚಣಿ ಅರ್ಜಿಯನ್ನು ತಾನೇ ಬರೆದುಕೊಡುತ್ತಿದ್ದ, ಅವರಿಂದ ಚಹಾ ಸಹ ಕುಡಿಯುತ್ತಿರಲಿಲ್ಲ. "ಕಾಗದ ಸರಿ ಇರಬೇಕು, ಉಳಿದದ್ದು ನಮಗ್ಯಾಕ" ಎಂದು ಹೆಂಡತಿ ಕಳಕಮ್ಮನ ಮುಂದೆ ಹೇಳುತ್ತಿದ್ದ. ಅವನ ಕಾಗದ ಸರಿ ಇರುತ್ತಿತ್ತು ಎಂಬುದು ಮಾತ್ರ ನಿಜ. ಹದಿನೆಂಟು ವರ್ಷದ ಆಡಿಟ್ಟಿನಲ್ಲಿ ಅವನ ಫೈಲಿಗೆ ಒಂದು ಆಕ್ಷೇಪಣೆಯೂ ಬರಲಿಲ್ಲ.

ಕೊನೆಯ ವರ್ಷದ ಏಪ್ರಿಲಿನಲ್ಲಿ ಹೊಸ ಪಿಡಿಒ ಬಂದರು, ಶೈಲಜಾ ಮೇಡಮ್, ಕುಷ್ಟಗಿಯವರು. ಬಂದ ವಾರವೇ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಬಡಿಸಿ ಬೀಗ ಹಾಕಿ ಕೀಲಿ ತಮ್ಮ ಹತ್ತಿರ ಇಟ್ಟುಕೊಂಡರು. ಏನು ಕೊಳ್ಳುತ್ತೇವೆ, ಎಷ್ಟು ಕೊಳ್ಳುತ್ತೇವೆ, ಎಂದು ತೆರೆಯುತ್ತೇವೆ, ಎಲ್ಲವನ್ನೂ ಹೊರಗಿನ ಬೋರ್ಡಿಗೆ ಹಚ್ಚಿಸಿದರು. "ಲಕೋಟಿ ಯಾರು ಬೇಕಾದ್ರೂ ಹಾಕಬಹುದು, ತೆರೆಯೂದು ಮಾತ್ರ ಮಂದಿ ಮುಂದ" ಎಂದರು. ಈಶಪ್ಪ ದಿನ ಎಣಿಸಿದ. ನಿವೃತ್ತಿಗೆ ಇನ್ನೊಂದೇ ತಿಂಗಳು, ಈಗ ಯಾರಾದರೂ ಕನಕಗಿರಿಗೆ ಒಂದು ಫೋನು ಮಾಡಿದರೆ ಪಿಂಚಣಿ ಮಣ್ಣುಪಾಲು.

ಅವತ್ತೇ ಗಂಗಾವತಿ ಬಸ್ಸು ಹತ್ತಿದ. ಕಾಲುವೆಯ ಸೇತುವೆಯ ಮೇಲೆ ನಿಂತು, ಹಿಂದೆ ಮುಂದೆ ನೋಡಿ, ಯಂಕೇಶನ ಶಿಕ್ಕಾವನ್ನೂ ಉಳಿದ ಲೆಟರ್‌ಹೆಡ್ಡುಗಳನ್ನೂ ನೀರಿಗೆ ಬಿಟ್ಟ. ಕಾಗದ ತೇಲಿ ಹೋಯಿತು, ಶಿಕ್ಕಾ ಮುಳುಗಿತು. ಇನ್ನು ಯಂಕೇಶನ ಸಹವಾಸ ಬೇಡ, ಎರಡೇ ಲಕೋಟೆ ಸಾಕು, ಮೂರನೆಯದು ಬರಲಿಲ್ಲವೆಂದು ಬರೆದರಾಯಿತು ಎಂದುಕೊಂಡ. ಎದೆ ಹಗುರಾಯಿತು.

ಆಗ ಕೊಳ್ಳಬೇಕಾಗಿದ್ದು ಕುಡಿಯುವ ನೀರಿನ ಕೊಳವೆಬಾವಿಗಳಿಗೆ ಪಂಪು ಚಾಲೂ ಮಾಡುವ ಮೂರು ಹೊಸ ಸ್ಟಾರ್ಟರ್ ಪೆಟ್ಟಿಗೆ. ಹೋದ ವರ್ಷ ಗೌರೀಶ ಕೊಟ್ಟವು ವರ್ಷ ತುಂಬುವುದರೊಳಗೆ ಕೆಡುತ್ತಿದ್ದವು. ಅವುಗಳ ಜೊತೆ ದಿನಾ ಹೆಣಗುವವನು ನೀರು ಬಿಡುವ ಬಾಲಪ್ಪ. ಬೆಳಿಗ್ಗೆ ಐದರಿಂದ ಮೂರು ಪಂಪ್‌ಹೌಸಿಗೂ ಸೈಕಲ್ ತುಳಿಯುವ ಮನುಷ್ಯ, ಮಾತು ಕಡಿಮೆ. "ಪೆಟಿಗಿ ಮುಟ್ಟಿದ್ರ ಕೈಯಾಗ ಜುಮ್ಮ ಅಂತೈತ್ರಿ ಅಣ್ಣಾರ" ಎಂದು ಎರಡು ಸಲ ಈಶಪ್ಪನಿಗೆ ಹೇಳಿದ್ದ. ಈಶಪ್ಪ, "ಚಪ್ಪಲಿ ಹಾಕ್ಕೊಂಡು ಮುಟ್ಟೋ ಮಾರಾಯಾ" ಎಂದಿದ್ದ.

ಲಕೋಟೆ ತೆರೆಯುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹತ್ತಿಪ್ಪತ್ತು ಜನ ಸೇರಿದ್ದರು. ಗೌರೀಶ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೇಡಮ್ ಬೀಗ ತೆಗೆದು ಲಕೋಟೆಗಳನ್ನು ಮೇಜಿಗೆ ಸುರಿದರು. ಈಶಪ್ಪ ತನ್ನ ಕೈಯಾರೆ ಹಾಕಿದ್ದು ಎರಡು. ಮೇಜಿನ ಮೇಲೆ ಬಿದ್ದದ್ದು ಮೂರು.

ಮೂರನೆಯದು ನೀರುಂಡು ಒಣಗಿದ ಕಾಗದದ ಹಾಗೆ ಸುಕ್ಕಾಗಿತ್ತು. ಮೇಡಮ್ ಹರಿದು ಬಿಚ್ಚಿದರು. ಎಡಕ್ಕೆ ವಾಲಿದ ಅಕ್ಷರ. ಕೆಳಗೆ ನೇರಳೆ ಶಿಕ್ಕಾ, ಅಂಚಿನಲ್ಲಿ ಚಕ್ಕೆ ಎದ್ದದ್ದು. ಯಂಕೇಶ ಎಲೆಕ್ಟ್ರಿಕಲ್ಸ್, ಹಳೆ ಸಂತೆ ಬೀದಿ, ಕನಕಗಿರಿ. ಮೇಡಮ್ ಜೋರಾಗಿ ಓದಿದರು. ಗೌರೀಶನ ದರಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆ. ಅದರ ಕೆಳಗೆ ಎರಡು ಸಾಲು: "ಹೋದ ವರ್ಷ ಕೊಂಡ ಪೆಟ್ಟಿಗೆಗಳನ್ನು ಒಮ್ಮೆ ತೆರೆದು ನೋಡಿರಿ. ಅವುಗಳನ್ನು ದಿನಾ ಮುಟ್ಟುವ ಮನುಷ್ಯನೊಬ್ಬನಿದ್ದಾನೆ. ಈ ಸಲವಾದರೂ ದಯವಿಟ್ಟು ನೋಡಿರಿ."

ಹಾಳಾದ ಕೈಗೆ ತನಗೆ ತಿಳಿಯದೆ ಬರೆಯುವ ಚಟ ಹತ್ತಿತೇ ಎಂದು ಈಶಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ. ಮೇಡಮ್ ಅಲ್ಲೇ ಬಾಲಪ್ಪನನ್ನು ಕರೆಸಿ, ಕೆಟ್ಟು ಬಿಚ್ಚಿಟ್ಟಿದ್ದ ಒಂದು ಪೆಟ್ಟಿಗೆಯನ್ನು ತರಿಸಿ, ಜನರ ಮುಂದೆ ತೆರೆಸಿದರು. ತಾಮ್ರದ ಸುರುಳಿ ಇರಬೇಕಾದಲ್ಲಿ ಅಲ್ಯೂಮಿನಿಯಂ ಇತ್ತು, ಮೇಲೆ ಬಣ್ಣ ಬಳಿದಿದ್ದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಸಿಕ್ಕಿಸುವ ಬೋಲ್ಟನ್ನು ಬಾಲಪ್ಪ ಬೆರಳಿನಿಂದ ಎಳೆದ, ಅದು ಕೈಗೇ ಬಂತು. ಬರೀ ಅಂಟಿಸಿದ್ದು. ಗೌರೀಶ, "ಕಂಪನಿಯವರ ತಪ್ಪ್ರಿ, ನಮಗೇನ ಗೊತ್ತು" ಎಂದು ಎದ್ದುಹೋದ.

"ಆರ್ಡರು ಯಂಕೇಶ ಅವರಿಗೆ" ಎಂದರು ಮೇಡಮ್. "ಎಂಟು ದಿನದಾಗ ಮಾಲು ಬರಬೇಕು. ಈಶಪ್ಪನವರ, ಇವರು ನಿಮ್ಮ ಹಳೇ ಪಾರ್ಟಿ ಅಲ್ಲೇನ್ರಿ? ಎಲ್ಲಾ ಫೈಲಿನಾಗೂ ಇವರ ಹೆಸರೈತಿ. ನೀವ ಹೇಳ್ರಿ ಅವರಿಗೆ. ಬಾಲಪ್ಪ, ಅಲ್ಲೀತನಕ ಕಟಿಗಿಲೆ ಗುಂಡಿ ಒತ್ತು, ಕೈ ಹಚ್ಚಬ್ಯಾಡ." ಬೇಸಿಗೆಯ ನಡುಮಧ್ಯ, ನೀರು ನಿಲ್ಲಿಸಿದರೆ ಕೊಡ ಹಿಡಿದು ಊರೇ ಪಂಚಾಯ್ತಿಯ ಮುಂದೆ ಬಂದು ಕೂರುತ್ತದೆ. ಬಾಲಪ್ಪ ತಲೆ ಆಡಿಸಿ ಹೋದ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗೌರೀಶ ಈಶಪ್ಪನನ್ನು ಹಿಡಿದ. "ಏನ್ ಕಾಕಾ, ರಿಟೈರ್ ಆಗೂ ಮುಂದ ನನಗ ಗುನ್ನಾ ಹಾಕಿದ್ರಿ? ನೀವ ಬರದ ಕೈ ನನಗ ಗೊತ್ತಾಗಾಂಗಿಲ್ಲೇನು?"

"ನಾ ಬರದಿಲ್ಲೋ ಗೌರೀಶ. ನಿಮ್ಮಪ್ಪನ ಆಣಿ, ನಾ ಬರದಿಲ್ಲ."

"ಹಂಗಾರ ಸಸಾರ ಆತಲ್ಲ. ಆ ಹೆಸರಿನ ಅಂಗಡೀನ ಇಲ್ಲಂತ ಬರದು ಒಗೀರಿ. ಆರ್ಡರ್ ನನ್ನ ಕಡೆ ಬರತೈತಿ, ಈ ಸಲ ಒಳ್ಳೇ ಮಾಲ ಕೊಡತೀನಿ."

ಸುಲಭವೇ ಏನೋ. ಆದರೆ ಯಂಕೇಶ ಇಲ್ಲವೆಂದು ಇವತ್ತು ಬರೆದರೆ, ಹದಿನೆಂಟು ವರ್ಷದ ಫೈಲುಗಳಲ್ಲಿ ಕೂತ ಯಂಕೇಶ ಯಾರು? ಅವುಗಳಿಗೆಲ್ಲ "ಪರಿಶೀಲಿಸಿದೆ" ಎಂದು ಸಹಿ ಹಾಕಿದ್ದು ಯಾರು? ಇದ್ದಾನೆ ಎಂದರೆ ಮಾಲು ಎಲ್ಲಿಂದ ತರುವುದು? ಅತ್ತ ದರಿ, ಇತ್ತ ಪುಲಿ. ತಪ್ಪೊಪ್ಪಿಕೊಂಡರೆ ಪಿಂಚಣಿ ಹೋಗುತ್ತದೆ, ಸುಮ್ಮನಿದ್ದರೆ ಬಾಲಪ್ಪ ಆ ಪೆಟ್ಟಿಗೆ ಮುಟ್ಟುತ್ತಲೇ ಇರುತ್ತಾನೆ. ಇದು ಈಶಪ್ಪನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಅವನು ಆಮೇಲೆ ಎಂದೂ ಹೇಳಲಿಲ್ಲ.

ಮೂರನೆಯ ದಿನ ಕನಕಗಿರಿಗೆ ಹೋದ. ಯಾಕೆ ಹೋದ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಅಲ್ಲಿ ಏನೂ ಇಲ್ಲವೆಂದು ಕಣ್ಣಾರೆ ನೋಡಿದರೆ ಜೀವಕ್ಕೆ ಸಮಾಧಾನವಾದೀತು ಎಂದಿರಬೇಕು. ಸಂತೆಯ ದಿನ, ನೆತ್ತಿ ಸುಡುವ ಮಧ್ಯಾಹ್ನ. ಮೆಣಸಿನಕಾಯಿ ರಾಶಿ, ಈರುಳ್ಳಿ ರಾಶಿ, ಕುರಿ, ಕೋಳಿ, ಜನರ ಗದ್ದಲ. ಹಳೆ ಸಂತೆ ಬೀದಿ ಎಂದು ಕೇಳಿದಾಗ ಒಬ್ಬ ಕೈ ತೋರಿಸಿದ. ಆ ಓಣಿಗೆ ತಿರುಗಿದ ಕೂಡಲೇ ಸಂತೆಯ ಗದ್ದಲ ಹಿಂದೆ ಉಳಿಯಿತು. ಹತ್ತು ಹೆಜ್ಜೆ ಆಚೆ ಅಷ್ಟು ಮಂದಿ, ಇಲ್ಲಿ ಒಂದು ನಾಯಿಯೂ ಇಲ್ಲ.

ಮುಚ್ಚಿದ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಒಂದು ಸಣ್ಣ ಅಂಗಡಿ. ಮೇಲೆ ತಗಡಿನ ಫಲಕ, ಬಣ್ಣ ಹೋಗಿದೆ, ಓದಬಹುದು. ಯಂಕೇಶ ಎಲೆಕ್ಟ್ರಿಕಲ್ಸ್. ಶಟರು ಅರ್ಧ ಇಳಿದಿತ್ತು.

ಎದುರಿಗೆ ಬೇವಿನ ಗಿಡದ ಕೆಳಗೆ ಹುಲಗಮ್ಮ ಎಂಬ ಹೆಂಗಸು ಚಹಾದ ಒಲೆ ಇಟ್ಟುಕೊಂಡಿದ್ದಳು. ಈಶಪ್ಪ ಬಾಯಿ ಬಿಡುವ ಮೊದಲೇ, "ಪಂಚಾಯ್ತಿ ಈಶಪ್ಪನವರೇನ್ರಿ? ಕುಂದರ್ರಿ. ನೀವು ಬರತೀರಿ ಅಂತ ಹೇಳಿ ಹೋಗ್ಯಾನ" ಎಂದಳು.

"ಯಾರು?"

"ಯಂಕೇಶಣ್ಣ. ಮತ್ಯಾರು? ಈಗರ ಇದ್ದ, ಊಟಕ್ಕ ಹ್ವಾದ. ಹದಿನೆಂಟು ವರ್ಷ ಆತ್ರಿ, ಅಕಾ ಆ ಕುರ್ಚಿ ಮ್ಯಾಲ ಕುಂತು ಕೊಟೇಶನ್ ಬರಿಯೂದು ನೋಡಾಕತ್ತು. ಎಡಗೈ ಮನಶ್ಯಾ. ಹೊಟ್ಟಿಬ್ಯಾನಿ, ಚಾಕ್ಕ ಸಕ್ಕರಿ ಹಾಕಿಸಿಕೊಳ್ಳಾಂಗಿಲ್ಲ. ಒಂದ್ ಸಲಾನೂ ಆರ್ಡರ್ ಸಿಕ್ಕಿದ್ದಿಲ್ಲ ಪಾಪ. ಬಿಡಪಾ ಯಾಕ ಬರೀತಿ ಅಂದ್ರ, ಅಲ್ಲಿ ಒಬ್ರು ಅದಾರ, ಒಂದಲ್ಲ ಒಂದಿನ ಓದತಾರ ಅಂತಿದ್ದ." ಅವಳು ಲೋಟ ಮುಂದಿಟ್ಟಳು. "ಈ ಸಲ ಭಾಳ ಖುಷಿ ಆಗ್ಯಾನ. ಮಾಲ ತಯಾರ ಮಾಡಿ ಇಟ್ಟಾನ, ಒಯ್ಯಬೇಕಂತ್ರಿ ನೀವು."

ಈಶಪ್ಪ ಎದ್ದು ಶಟರಿನ ಬಳಿ ಬಗ್ಗಿ ನೋಡಿದ. ಒಳಗೆ ಕತ್ತಲು, ತಂಪು. ಮೂರು ರಟ್ಟಿನ ಪೆಟ್ಟಿಗೆ ಒಂದರ ಮೇಲೊಂದು. ಅವುಗಳ ಮೇಲೆ ಕಪ್ಪು ಮಸಿಯಲ್ಲಿ ಅವನ ಪಂಚಾಯ್ತಿಯ ಹೆಸರು, ಅಕ್ಷರ ಎಡಕ್ಕೆ ವಾಲಿದ್ದು. ಕುರ್ಚಿಯ ಮೇಲೆ ಮಾಸಲು ಟೊಪ್ಪಿಗೆ. ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು. ಊಟಕ್ಕೆ ಹೋದವನು ಇಲ್ಲಿ ಹೇಗೆ ಕೆಮ್ಮುತ್ತಾನೆ? ಆಮೇಲೆ ನೆಲದ ಮೇಲೆ ಚಪ್ಪಲಿ ಸರಿದ ಸದ್ದು, ಬಾಗಿಲಿನ ಕಡೆಗೇ ಬರುತ್ತಿತ್ತು.

ಈಶಪ್ಪ ಓಡಿದ. ಅರವತ್ತರ ಮನುಷ್ಯ, ಪಂಚೆ ಎತ್ತಿ ಕಟ್ಟಿ ಸಂತೆಯ ನಡುವೆ ಓಡಿ, ಸಿಕ್ಕ ಬಸ್ಸು ಹತ್ತಿದ. ಚಹಾ ಹಾಗೇ ಉಳಿಯಿತು, ಮಾಲೂ ಅಲ್ಲೇ ಉಳಿಯಿತು. ಮನೆಗೆ ಬಂದವನೇ ಮುಸುಕು ಹೊದ್ದು ಮಲಗಿದ. ಕಳಕಮ್ಮ ಹಣೆ ಮುಟ್ಟಿ, "ಬಿಸಲ ಬಡದೈತೇನ್ರಿ?" ಎಂದು ಮಜ್ಜಿಗೆ ತಂದುಕೊಟ್ಟಳು.

ಎಂಟು ದಿನ ಕಳೆಯಿತು, ಮಾಲು ಬರಲಿಲ್ಲ. ಮೇಡಮ್ ಕರೆದು, "ಅವರ ಫೋನು ಹತ್ತವಲ್ದು. ನಾಳೆ ನಾನ ಕನಕಗಿರಿಗೆ ಹೋಗಿ ಬರತೀನಿ, ಇಲ್ಲಂದ್ರ ಕೊಪ್ಪಳದಾಗ ತರಿಸೂಣು" ಎಂದರು. ಅಂದು ಮೇ ಹದಿನಾರು, ನಿವೃತ್ತಿಗೆ ಹದಿನೈದು ದಿನ. ಆ ಹದಿನೈದು ದಿನ ಯಾರೂ ಆ ಓಣಿಗೆ ಹೋಗದಿದ್ದರೆ ಸಾಕು ಎಂದು ಈಶಪ್ಪ ಲೆಕ್ಕ ಹಾಕಿದ. "ಮೇಡಮ್, ಅವರ ಪತ್ರ ಬರತೈತಿ ಅಂತ ಸುದ್ದಿ ಕಳಸ್ಯಾರ್ರಿ, ನಾಳಿ ತರತೀನಿ" ಎಂದು ಬಾಯಿಗೆ ಬಂದದ್ದು ಹೇಳಿದ.

ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಕೂತು ಬರೆಯಲು ಹಾಳೆ ತೆಗೆದ. ಮಾಲಿಗೆ ಹದಿನೈದು ದಿನ ಅವಕಾಶ ಬೇಕೆಂದು ಯಂಕೇಶನ ಹೆಸರಿನಲ್ಲಿ ನಾಲ್ಕು ಸಾಲು. ಹದಿನೆಂಟು ವರ್ಷ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದ ಕೈ ಅವತ್ತು ಬರಲೊಲ್ಲದು. ಎಡಕ್ಕೆ ವಾಲಿಸಿದರೂ ಅಕ್ಷರ ನೆಟ್ಟಗೆ ನಿಲ್ಲುತ್ತಿತ್ತು, ದುಂಡಗೆ, ಬೇವೂರಿನ ಶಾಲೆಯ ಅಕ್ಷರ. ಐದು ಹಾಳೆ ಹರಿದ. ಕೊನೆಗೆ ಪೆನ್ನನ್ನು ಎಡಗೈಗೆ ಬದಲಿಸಿ, ಹುಳ ಹರಿದಂತೆ ಗೀಚಿ ಮುಗಿಸಿದ. ಒಳಗಿನಿಂದ ನೋಡುತ್ತಿದ್ದ ಕಳಕಮ್ಮ, "ಯಾರಿಗ್ರಿ ಅದು ಪತ್ರ? ಎಡಗೈಲೆ ಯಾಕ ಬರಿಯಾಕತ್ತೀರಿ?" ಎಂದಳು. "ನಿನಗ್ಯಾಕ, ಒಳಗ ಹೋಗು" ಎಂದು ಗದರಿದ. ಗದರಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು.

ಮರುದಿನ ಮೇಡಮ್ ಪತ್ರವನ್ನು ಎರಡು ಸಲ ತಿರುವಿ ನೋಡಿದರು. "ಶಿಕ್ಕಾ ಇಲ್ಲಲ್ರಿ?"

"ಅವಸರಕ್ಕ ಮರತಿರಬೇಕ್ರಿ."

"ಹದಿನೈದು ದಿನ ಭಾಳ ಆತು. ಆ ಬಾಲಪ್ಪನ್ನ ನೆನಸಿದ್ರ ನನಗ ನಿದ್ದಿ ಬರವಲ್ದು. ಕೊಪ್ಪಳದಾಗ ತಂದುಬಿಡೂಣೇನ್ರಿ?"

ಇಲ್ಲೊಂದು ಮಾತು ಸಾಕಿತ್ತು. ಹೌದು ಮೇಡಮ್, ತಂದುಬಿಡಿ ಎಂದರೆ ಮುಗಿಯುತ್ತಿತ್ತು. ಆದರೆ ಕೊಪ್ಪಳದಿಂದ ತರಬೇಕೆಂದರೆ ಯಂಕೇಶನ ಆರ್ಡರು ರದ್ದು ಮಾಡಬೇಕು, ರದ್ದಿನ ನೋಟೀಸು ಆ ವಿಳಾಸಕ್ಕೆ ಹೋಗಬೇಕು, ಅಲ್ಲಿಂದ ಏನು ಉತ್ತರ ಬರುತ್ತದೋ ಯಾರಿಗೆ ಗೊತ್ತು? "ಹಳೇ ಪಾರ್ಟಿ ಮೇಡಮ್, ಮಾತು ತಪ್ಪಾವರಲ್ಲ. ನಾ ಜವಾಬ್ದಾರಿ" ಎಂದ ಈಶಪ್ಪ. ಮೂವತ್ತೊಂದು ವರ್ಷದ ಸರ್ವಿಸಿನವನ ಮಾತು, ಮೇಡಮ್ ನಂಬಿದರು.

ಮೇ ಇಪ್ಪತ್ತನಾಲ್ಕರ ಬೆಳಿಗ್ಗೆ ಈಶಪ್ಪ ಆಫೀಸಿಗೆ ಹೋಗುವ ದಾರಿಯಲ್ಲಿ ಎರಡನೆಯ ಪಂಪ್‌ಹೌಸಿನ ಮುಂದೆ ಬಾಲಪ್ಪ ಸಿಕ್ಕಿದ್ದ. ಕೈಯಲ್ಲಿ ಕಟ್ಟಿಗೆಯ ತುಂಡು. "ಹೊಸಾ ಪೆಟಿಗಿ ಯಾವಾಗ ಬರತಾವ್ರಿ ಅಣ್ಣಾರ?" ಎಂದು ಕೇಳಿದ. "ಇನ್ನೊಂದು ವಾರ ತಡಿ" ಎಂದ ಈಶಪ್ಪ. ಬಾಲಪ್ಪ, "ತಡೀತೀನ್ರಿ, ನನಗೇನು" ಎಂದು ನಕ್ಕು ಒಳಗೆ ಹೋದ.

ಹನ್ನೆರಡರ ಸುಮಾರಿಗೆ ಬಾಲಪ್ಪನ ಹೆಂಡತಿ ದುರಗಮ್ಮ ರೊಟ್ಟಿ ಗಂಟು ಹಿಡಿದು ಹೋದಳು. ಪಂಪು ಓಡುತ್ತಿತ್ತು, ಟಾಕಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಬಾಗಿಲು ನೂಕಿ ನೋಡಿದಾಗ ಬಾಲಪ್ಪ ಪೆಟ್ಟಿಗೆಯ ಕೆಳಗೆ ಒದ್ದೆ ನೆಲದಲ್ಲಿ ಕೂತಿದ್ದ, ಗೋಡೆಗೆ ಒರಗಿ, ಕಣ್ಣು ತೆರೆದುಕೊಂಡು. ಕಟ್ಟಿಗೆ ಒದ್ದೆಯಾಗಿತ್ತೋ, ಕೈ ಜಾರಿತೋ, ಯಾರೂ ನೋಡಿರಲಿಲ್ಲ. ಅವನ ಅಂಗೈಯಲ್ಲಿ ಒಂದು ಕಪ್ಪು ಗುರುತಿತ್ತು.

ಈಶಪ್ಪ ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತ. ಜನ, ಈ ಮನುಷ್ಯನ ಕರುಳು ದೊಡ್ಡದು ಎಂದರು. ಮೂವತ್ತೊಂದನೆಯ ತಾರೀಖು ಅವನಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಶಾಲು ಮನೆಗೆ ಒಯ್ದು ಕಳಕಮ್ಮನ ಕೈಗೆ ಕೊಟ್ಟು, "ಎಲ್ಲೆರ ಇಡು, ನನ್ನ ಕಣ್ಣಿಗಿ ಬೀಳಬಾರದು" ಎಂದ.

ಜೂನ್ ಎರಡನೆಯ ವಾರ ವಿಚಾರಣೆಗೆ ತಾಲ್ಲೂಕಿನಿಂದ ರುದ್ರೇಶ ಎಂಬ ಅಧಿಕಾರಿ ಬಂದರು. ಪಂಚಾಯ್ತಿಯ ಸಭಾಕೋಣೆಯಲ್ಲಿ ಹದಿನೆಂಟು ವರ್ಷದ ಫೈಲು ಗುಡ್ಡೆ ಹಾಕಿಸಿಕೊಂಡು ಕೂತಿದ್ದರು. ಈಶಪ್ಪನಿಗೆ ಕರೆ ಬಂತು. ಹಿಂದಿನ ದಿನವೆಲ್ಲ ಅವನು ಊಟ ಬಿಟ್ಟಿದ್ದ. ಪಿಂಚಣಿ ಹೋದರೆ ಹೋಗಲಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಗಟ್ಟಿಮಾಡಿಕೊಂಡು ಹೋದ.

"ಸಾಹೇಬ್ರ, ಯಂಕೇಶ ಅನ್ನೋ ಮನಶ್ಯಾನ ಇಲ್ರಿ" ಎಂದ. "ಅಷ್ಟೂ ಕೊಟೇಶನ್ ನಾನ ಬರದದ್ದು. ಶಿಕ್ಕಾನೂ ನಾನ ಮಾಡಿಸಿದ್ದು. ಆ ಹದಿನೈದು ದಿನದ ಪತ್ರಾನೂ ನಂದ. ಕಡೀ ಕೊಟೇಶನ್ ಒಂದ ನಾ ಬರದಿಲ್ಲ. ನನ್ನ ಮ್ಯಾಲ ಏನು ಕ್ರಮ ಐತಿ ತಗೋರಿ."

ರುದ್ರೇಶ ಪೆನ್ನು ಕೆಳಗಿಟ್ಟರು. ಸಿಟ್ಟು ಬಂದಂತಿರಲಿಲ್ಲ. "ಈಶಪ್ಪನವರ, ಮನಸ್ಸಿಗೆ ಭಾಳ ಹಚ್ಚಿಕೊಂಡೀರಿ. ಯಂಕೇಶ ನಿನ್ನೆ ಇಲ್ಲಿಗೆ ಬಂದಿದ್ದರಲ್ಲ. ಆ ಕುರ್ಚಿಯೊಳಗ ಕುಂತು, ನನ್ನ ಮುಂದ, ಎಡಗೈಲೆ ಬರದು ಕೊಟ್ಟು ಹೋದರು" ಎಂದು ಒಂದು ಹಾಳೆ ಮುಂದೆ ತಳ್ಳಿದರು.

ಈಶಪ್ಪ ಹಾಳೆಯನ್ನು ಹತ್ತಿರ ಎಳೆದುಕೊಂಡ. ಅವನು ಓದಿದ.

"ಹದಿನೆಂಟು ವರ್ಷವೂ ನ್ಯಾಯವಾದ ದರ ಕೊಡಬಲ್ಲ ಒಬ್ಬ ಅಂಗಡಿಯವನು ಎಲ್ಲೋ ಇದ್ದ. ಅವನ ಲಕೋಟೆಗೆ ಒಮ್ಮೆಯೂ ಜಾಗ ಸಿಗಲಿಲ್ಲ. ಅವನ ಜಾಗದಲ್ಲಿ ಈಶಪ್ಪನವರು ನನ್ನನ್ನು ಕೂರಿಸಿದರು, ನಾನು ಸುಮ್ಮನೆ ಕೂತೆ. ಕೊನೆಗೊಮ್ಮೆ ನಾನೇ ಬರೆದೆ. ಬಾಲಪ್ಪನ ಬಗ್ಗೆ ಮೊದಲೇ ತಿಳಿಸಿದ್ದೆ. ಮಾಲು ತಯಾರಿತ್ತು, ಈಶಪ್ಪನವರು ಬಂದು ಕಣ್ಣಾರೆ ನೋಡಿ ಹೋದರು. ಹದಿನೈದು ದಿನ ಕೇಳಿದ ಪತ್ರ ನನ್ನದಲ್ಲ."

"ಕನಕಗಿರಿಗೂ ಹೋಗಿ ಬಂದೆ" ಎಂದರು ರುದ್ರೇಶ. "ಆ ಓಣಿಯೊಳಗ ಬರೀ ಹಿಟ್ಟಿನ ಗಿರಣಿ ಐತಿ, ಅದರ ಪಕ್ಕಕ್ಕ ಬಯ್ಲ ಜಾಗ. ಅಂಗಡಿ ಎತ್ತಿರಬೇಕು. ಅದು ಇರಲಿ. ಈ ಹೇಳಿಕಿಯೊಳಗ ಸುಳ್ಳು ಯಾವುದೈತಿ ಅಷ್ಟ ತೋರಸ್ರಿ, ನಾ ಹೊಡದು ಹಾಕತೀನಿ."

ಈಶಪ್ಪ ಮೊದಲಿನಿಂದ ಮತ್ತೆ ಓದಿದ. ಗಂಗಾವತಿ, ಕುಷ್ಟಗಿ, ಕೊಪ್ಪಳದ ಯಾವ ಯಾವ ಸಣ್ಣ ಅಂಗಡಿಯವರು ನೋಡಲು ಬೋರ್ಡೇ ಇಲ್ಲದೆ, ಲಕೋಟೆ ಹಾಕಲು ಗೊತ್ತೇ ಆಗದೆ ಉಳಿದರೋ ಎಂದು ಮೊದಲ ಸಲ ಅವನಿಗೆ ಹೊಳೆಯಿತು. ಬೆರಳಿಟ್ಟು ಒಂದೊಂದೇ ಸಾಲು ದಾಟಿದ. ಹೊಡೆದು ಹಾಕುವಂಥದ್ದು ಒಂದು ಅಕ್ಷರವೂ ಸಿಗಲಿಲ್ಲ. ಕೆಳಗೆ, "ಓದಿದೆ, ನಿಜ" ಎಂದು ತನ್ನ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿ ಎದ್ದ.

ಹೊರಗೆ ಕಟ್ಟೆಯ ಮೇಲೆ ದುರಗಮ್ಮ ಕೂತಿದ್ದಳು, ಹೇಳಿಕೆ ಕೊಡಲು ಕರೆಸಿದ್ದರು. ಈಶಪ್ಪ ತಲೆ ತಗ್ಗಿಸಿ ದಾಟಿ ಹೋಗಬೇಕೆಂದಿದ್ದ. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಣ್ಣಾರ, ಒಂದು ಮಾತು ಕೇಳಲೇನ್ರಿ? ಯಾರೋ ಯಂಕೇಶ ಅನ್ನಾಂವ, ಈ ಪೆಟಿಗಿ ಚಲೋ ಇಲ್ಲ, ಜ್ವಾಕಿ ಅಂತ ಮೊದಲ ಹೇಳಿದ್ದನಂತ. ಮಂದಿ ಆಡಿಕೊಳ್ಳಾಕತ್ತಾರ. ಖರೇ ಐತೇನ್ರಿ?"

ಅಂಥ ಮನುಷ್ಯನೇ ಇಲ್ಲ ಎಂದು ಒಳಗೆ ಈಗಷ್ಟೇ ಹೇಳಿ ಬಂದಿದ್ದ ಈಶಪ್ಪ ಅವಳ ಮುಖ ನೋಡಿದ. ಬಾಲಪ್ಪ ಸತ್ತ ಮೇಲೆ ಆ ಮುಖ ನೋಡಿದ್ದು ಅದೇ ಮೊದಲು.

"ಖರೇ ಐತವ್ವಾ" ಎಂದ. "ಅಂವ ಹೇಳಿದ್ದ. ನಾ ಕೇಳಲಿಲ್ಲ."